ಗವ್ವರಿಗೊಂದು ಖೋಲಿ

ಖಂಡಪ್ಪನಿಗೆ ಬೇಕಾಗಿದ್ದದ್ದು ಹೆಚ್ಚೇನೂ ಅಲ್ಲ. ಒಂದು ಸಂಜೆಯ ನಿದ್ದೆ, ಅಷ್ಟೇ.

ಎಲ್ಲರೂ ಊರನ್ನು ಇನ್ನೂ ವಿಜಾಪುರ ಎಂದೇ ಕರೆಯುತ್ತಿದ್ದ ಎಪ್ಪತ್ತರ ದಶಕದ ಮಾತಿದು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಮುದುಕವ್ವನ ವಾಡೆ. ನಡುವೆ ಅಂಗಳ, ಸುತ್ತಲೂ ಬಾಡಿಗೆಯ ಖೋಲಿಗಳು, ಹಿತ್ತಲಲ್ಲಿ ಒಂದು ಬತ್ತಿದ ಬಾವಿ. ಮೂಲೆಯ ಖೋಲಿ ಖಂಡಪ್ಪನದು. ಹಗಲೆಲ್ಲ ಅವನು ಚೌಕದಲ್ಲಿ ಫಕ್ರುದ್ದೀನ ಸಾಹೇಬರ ಹಿಟ್ಟಿನ ಗಿರಣಿಯಲ್ಲಿ ಜೋಳ ಬೀಸುತ್ತಿದ್ದ. ಗಿರಣಿಯ ಗರಗರ ಸದ್ದು ಕಿವಿಯಿಂದ ಇಳಿಯುವಷ್ಟರಲ್ಲಿ ಅಂಗಳದಲ್ಲಿ ಮಕ್ಕಳ ಗಿರಣಿ ಶುರುವಾಗುತ್ತಿತ್ತು. ಚಿಣಿಪಣಿ, ಮುಟ್ಟಾಟ, ಜಗಳ, ಅಳು, ಮತ್ತೆ ಚಿಣಿಪಣಿ. ನಿದ್ದೆಗೆಟ್ಟು ಅವನ ಕಣ್ಣುಗಳು ಯಾವಾಗಲೂ ಕೆಂಪಗಿರುತ್ತಿದ್ದವು.

ಬೇರೆ ದಿನವಾದರೆ ಹೇಗೋ ನಡೆಯುತ್ತಿತ್ತು. ಆದರೆ ಮರುದಿನ ಸಂಜೆ ತಿಕೋಟಾದಿಂದ ಯಲಗೂರಪ್ಪ ಬರುವವನಿದ್ದ. ಅವನ ಮಗಳು ಹೊಳೆವ್ವನನ್ನು ಖಂಡಪ್ಪನಿಗೆ ಕೊಡುವ ಮಾತು ಹೆಚ್ಚುಕಡಿಮೆ ಮುಗಿದಿತ್ತು. ಹುಡುಗಿಯನ್ನು ನೋಡಿ ಬಂದ ಮೇಲೆ ಖಂಡಪ್ಪ ಗೋಧಿ ತಂದವರಿಗೆ ಜೋಳದ ಹಿಟ್ಟು ತುಂಬಿ ಕಳಿಸುವಷ್ಟು ಮೈಮರೆತಿದ್ದ. "ಹುಡುಗ ಇರೂ ಖೋಲಿ ಒಮ್ಮೆ ಕಣ್ಣಿಲೆ ನೋಡತೀನಿ, ಆಮ್ಯಾಲ ಸಕ್ಕರಿ ಪುಡಿ ಮಾಡೋಣು" ಎಂದು ಯಲಗೂರಪ್ಪ ಹೇಳಿ ಕಳಿಸಿದ್ದ. ಸಕ್ಕರೆ ಹಂಚಿ ಸಂಬಂಧ ಪಕ್ಕಾ ಮಾಡುವ ಶಾಸ್ತ್ರವದು. ಮಾವನಾಗುವವನ ಎದುರು ಕೆಂಪು ಕಣ್ಣು ಬಿಟ್ಟುಕೊಂಡು ನಿಂತರೆ, ಹುಡುಗ ಕುಡಿಯುತ್ತಾನೆ ಎಂದು ಅವನು ಬಂದ ದಾರಿಗೆ ಸುಂಕವಿಲ್ಲದೆ ತಿರುಗಿ ಹೋಗುವುದು ಖಂಡಿತ.

ಅದಕ್ಕೇ ಅಂದು ಸಂಜೆ ಖಂಡಪ್ಪ ಮಕ್ಕಳನ್ನೆಲ್ಲ ಕಟ್ಟೆಯ ಹತ್ತಿರ ಕರೆದ.

"ಲೇ, ನಿಮಗ ಗವ್ವರು ಗೊತ್ತೇನು?"

ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರುವುದಾದರೂ ಹೇಗೆ? ಆ ಕ್ಷಣದವರೆಗೆ ಗವ್ವರು ಎಂಬ ಜನ ಈ ಲೋಕದಲ್ಲಿ ಹುಟ್ಟಿಯೇ ಇರಲಿಲ್ಲ.

"ನೋಡಾಕ ಮನಷ್ಯಾರಂಗ ಇರತಾರ. ಎರಡ ಕೈ, ಎರಡ ಕಾಲು. ಆದ್ರ ಮೈತುಂಬ ಕೂದಲಾ, ಕುಡಗೋಲಿನಂಥಾ ಹಲ್ಲು. ಒಬ್ಬೊಬ್ಬರ ತಿರಗೂದಿಲ್ಲ, ದಂಡ ಕಟ್ಟಿಕೊಂಡ ಬರತಾರ. ಹಗಲೆಲ್ಲಾ ನಮ್ಮ ಹಿತ್ತಲ ಬಾವ್ಯಾಗ ಮಲಗತಾರ. ಹೊತ್ತ ಮುಣಗಿ ಗವ್ವಂತ ಕತ್ತಲಾತು ಅಂದ್ರ ಮ್ಯಾಲ ಹತ್ತತಾರ. ಅಂಗಳದಾಗ ಯಾರ ಸಿಕ್ಕರೂ ಹಸೀದ ತಿಂತಾರ."

ಪಕ್ಕದ ಖೋಲಿಯ ರುಕ್ಮವ್ವನ ಮಗಳು ಮಾಳವ್ವ ಆ ಮಕ್ಕಳ ಸೈನ್ಯಕ್ಕೆಲ್ಲ ನಾಯಕಿ. ಮುಂದಿನ ಎರಡು ಹಲ್ಲು ಬಿದ್ದಿದ್ದರೂ ಮಾತು ಮಾತ್ರ ಒಂದೂ ಬೀಳುತ್ತಿರಲಿಲ್ಲ.

"ಮತ್ತ ಬೆಳಗಾದ್ರ?"

"ಹೊತ್ತ ಹುಟ್ಟಿ ಬಿಸಲ ಬೀಳೂತನಕ ಅವರದ ರಾಜ್ಯಾ."

"ಬಿಸಲ ಬಿದ್ದರ ಏನ ಆಗತಾರ?"

"ಹಿಟ್ಟ ಆಗತಾರ," ಎಂದ ಖಂಡಪ್ಪ. ಗಿರಣಿಯವನಿಗೆ ಇನ್ನೇನು ತೋಚೀತು!

ಅಂಗಳ ಚಣದಲ್ಲಿ ಖಾಲಿಯಾಯಿತು. ಖಂಡಪ್ಪ ಕೌದಿ ಹೊದ್ದು ಮಲಗಿದವನು ಒಂದೇ ಮಗ್ಗುಲಲ್ಲಿ ನಿದ್ದೆ ಮಾಡಿದ. ಸುಳ್ಳಿಗೆ ಇಷ್ಟು ರುಚಿ ಇದೆ ಎಂದು ಅವನಿಗೆ ಗೊತ್ತಾದದ್ದು ಅಂದೇ.

ಬೆಳಗ್ಗೆ ಬಾಗಿಲು ಮುರಿದು ಬೀಳುವ ಹಾಗೆ ಬಡಿತ.

"ಏ ಖಂಡ್ಯಾ! ತಗೀ ಬಾಗಲಾ!"

ಎದುರಿಗೆ ಮುದುಕವ್ವ, ವಾಡೆಯ ಒಡತಿ. ಸೊಂಟದ ಮೇಲೆ ಬರಿಗೊಡ. ಅವಳ ಹಿಂದೆ ಇಡೀ ವಾಡೆಯೇ ನಿಂತಿತ್ತು.

"ಏನಾತು ಆಯಿ?"

"ಏನಾತಾ? ನಳ ಬಂತು, ಹೋತು. ಇಡೀ ವಾಡೇದಾಗ ಒಂದ ತಂಬಿಗಿ ನೀರಿಲ್ಲ. ನಿನ್ನ ಗವ್ವರ ಕುಡದರೇನು?"

ಓಣಿಯ ನಳಕ್ಕೆ ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ, ಅದೂ ಬೆಳಕು ಹರಿಯುವ ಮೊದಲು. ಕತ್ತಲಿರುವಾಗಲೇ ಮಕ್ಕಳು ಹೋಗಿ ಕೊಡಗಳನ್ನು ಸಾಲಿಗೆ ಹಚ್ಚಿ, ನೀರು ಬಂದ ಕೂಡಲೇ ತಾಯಂದಿರನ್ನು ಕೂಗಿ ಎಬ್ಬಿಸುವುದು ವಾಡೆಯ ಪದ್ಧತಿ. ಅಂದು ಒಂದು ಮಗುವೂ ಹೊಸಿಲು ದಾಟಿರಲಿಲ್ಲ. ಬಿಸಿಲು ಬೀಳುವವರೆಗೆ ಗವ್ವರ ರಾಜ್ಯವಲ್ಲವೇ? ಮಕ್ಕಳು ಕೂಗುತ್ತಾರೆಂದು ತಾಯಂದಿರು ಮಲಗಿದರು. ನೀರು ಪಕ್ಕದ ಓಣಿಯವರ ಪಾಲಾಯಿತು.

ಇನ್ನೊಂದು ಖೋಲಿಯ ಸಂಗಣ್ಣ ಬಾಯಿತುಂಬ ಕಪ್ಪು ಹಲ್ಲುಪುಡಿ ಹಚ್ಚಿಕೊಂಡು, ಮುಕ್ಕಳಿಸಲು ನೀರಿಲ್ಲದೆ ನಿಂತಿದ್ದ. ಅವನು ಭೂತನಾಳದ ಕೆರೆಯ ಪಂಪಿನ ಮನೆಯಲ್ಲಿ ರಾತ್ರಿ ಪಾಳಿಯವನು, ಆಗಷ್ಟೇ ಕೆಲಸ ಮುಗಿಸಿ ಬಂದಿದ್ದ.

"ಅಲ್ಲೋ ಖಂಡಪ್ಪಾ," ಎಂದ ಅವನು, ಗದ್ದ ಮೇಲೆತ್ತಿ, ಪುಡಿ ಚೆಲ್ಲದ ಹಾಗೆ. "ರಾತ್ರೆಲ್ಲಾ ಎಚ್ಚರಿದ್ದ ಊರಿಗೆ ನೀರ ಬಿಟ್ಟ ಬಂದೀನಿ. ನನಗ ಬಾಯಿ ತೊಳ್ಯಾಕ ನೀರಿಲ್ಲ!"

"ಅದ ಬರೇ ಕತಿರಿ ಸಂಗಣ್ಣಾರ, ನಾ ಕಟ್ಟಿದ್ದು!"

"ಕಟ್ಟಿದಾವ ನೀನ ಬಿಚ್ಚು," ಎಂದಳು ಮುದುಕವ್ವ. "ಇವತ್ತ ಸಂಜೀಕ ದೀಪಾ ಹಚ್ಚೂದ್ರಾಗ ನಿನ್ನ ಗವ್ವರು ಈ ವಾಡೇ ಬಿಟ್ಟ ಹೋಗಬೇಕು. ಇಲ್ಲಂದ್ರ ನೀ ಬಿಟ್ಟ ಹೋಗಬೇಕು. ಲಗ್ನ ಆಗದಾವಗ ಖೋಲಿ ಕೊಟ್ಟಿದ್ದ ನಂದ ತಪ್ಪಾತು."

ದೀಪ ಹಚ್ಚುವ ಹೊತ್ತಿಗೇ ಯಲಗೂರಪ್ಪ ಬರುವವನು. ಖೋಲಿ ಹೋದರೆ ಹೊಳೆವ್ವನೂ ಹೋದಳು. ಅವಳ ಮುಖ ನೆನಪಾಗಿ ಅವನಿಗೆ ಅಳುವೇ ಬಂದ ಹಾಗಾಯಿತು.

ಶಾಲೆಗೆ ಹೊರಟಿದ್ದ ಮಾಳವ್ವನನ್ನು ಅವನು ಬಾಗಿಲಲ್ಲೇ ಹಿಡಿದ.

"ಮಾಳೀ, ಒಂದ ಛಲೋ ಸುದ್ದಿ ಐತಿ. ರಾತ್ರಿ ಗವ್ವರೆಲ್ಲಾ ಸತ್ತ ಹ್ವಾದ್ರು."

"ಹೆಂಗ ಸತ್ರು?"

"ಬಿಸಲಿಗೆ."

"ರಾತ್ರಿ ಬಿಸಲ ಎಲ್ಲಿತ್ತು ಕಾಕಾ?"

ಖಂಡಪ್ಪ ತಲೆ ಕೆರೆದುಕೊಂಡ. ಒಂದಷ್ಟು ಹಿಟ್ಟು ಉದುರಿತು. "ಬಿಸಲಿಗಲ್ಲ, ತಮ್ಮತಮ್ಮಾಗ ಬಡದಾಡಿ ಸತ್ರು. ಎಲ್ಲಾರೂ."

"ಎಲ್ಲಾರೂ ಹೆಂಗ ಸಾಯತಾರ? ಕಡೀದಾವನ್ನ ಹೊಡದಾವ ಒಬ್ಬಾವರ ಉಳದಿರಬೇಕಲ್ಲ?"

ಅಷ್ಟರಲ್ಲಿ ಒಳಗಿನಿಂದ ರುಕ್ಮವ್ವ ಬಂದಳು.

"ಖಂಡಪ್ಪಾ, ಸತ್ತರು ಅಂತ ಅಷ್ಟ ಅನಬ್ಯಾಡೋ ನನ್ನಪ್ಪಾ. ಬದಕಿದ್ದಾಗ ಬರೇ ರಾತ್ರಿ ತಿರಗತಿದ್ರು. ಸತ್ತ ದೆವ್ವಾ ಆದ್ರ ಹಗಲಿ ಸೈತ ತಿರಗತಾರ."

"ಅಕ್ಕಾ, ನಾ ಕಟ್ಟಿದ ಸುಳ್ಳ ಅದು! ಇಲ್ಲದಾವ್ರು ಸತ್ತ ಹೆಂಗ ದೆವ್ವಾ ಆಗತಾರ?"

"ಸುಳ್ಳು ಅಂತ ನನಗೂ ಗೊತ್ತೈತಿ. ಆದ್ರೂ ಸತ್ತರು ಅನಬ್ಯಾಡ."

ಗಿರಣಿಗೆ ಹೋದರೆ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಬುಟ್ಟಿ ಹೊತ್ತು ಬಂದ ಹೆಣ್ಣುಮಕ್ಕಳು ಹಿಟ್ಟಿನ ಬಿಸಿ ನೋಡುವುದನ್ನೂ ಮರೆತು, ಗವ್ವರ ಹೆಂಡಂದಿರಿಗೂ ಕೂದಲಿರುತ್ತದೆಯೇ, ಅವರು ರೊಟ್ಟಿ ತಿನ್ನುತ್ತಾರೆಯೇ ಎಂದು ಕೇಳತೊಡಗಿದರು. ಫಕ್ರುದ್ದೀನ ಸಾಹೇಬರು ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಕಣ್ಣೊರೆಸಿಕೊಂಡು ಬುದ್ಧಿ ಹೇಳಿದರು.

"ಹುಚ್ಚಪ್ಪಾ, ಯಾರನ್ನರ ಮನಿ ಬಿಡಸಬೇಕಾದ್ರ ಹೊಡಿಬಡಿ ಅಂದ್ರ ಆಗೂದಿಲ್ಲ. ನಮ್ಮ ಹಳೀ ಮನ್ಯಾಗಿನ ಬಾಡಿಗಿದಾವ ಜಗಳಕ್ಕ ಜಗ್ಗಲಿಲ್ಲ, ಪಂಚರಿಗೆ ಜಗ್ಗಲಿಲ್ಲ. ಬ್ಯಾರೆ ಮನಿ ತೋರಿಸಿದೆ, ಮರದಿನಾ ಗಂಟಮೂಟಿ ಕಟ್ಟಿದ. ನಿನ್ನ ಗವ್ವರಿಗೂ ಒಂದ ಬ್ಯಾರೆ ಜಾಗಾ ತೋರಸು."

ಖಂಡಪ್ಪನ ಮುಖ ಅರಳಿತು. ಎಷ್ಟು ಸುಲಭ! ಸಂಜೆ ಹೊರಡುವಾಗ ಸಾಹೇಬರು ಮತ್ತೆ ಕರೆದರು.

"ಖಂಡಪ್ಪಾ, ಜಾಗಾ ತೋರಸೂಮುಂದ ನಮ್ಮ ಗಿರಣಿ ಕಡೆ ಅಷ್ಟ ಬ್ಯಾಡ."

"ಸಾಹೇಬ್ರ, ಅದು ಸುಳ್ಳ..."

"ಗೊತ್ತೈತಿ. ಆದ್ರೂ ಬ್ಯಾಡ."

ಖಂಡಪ್ಪ ವಾಡೆಗೆ ಓಡೋಡಿ ಬಂದ. ಕೈಕಾಲು ತೊಳೆದು ಒಗೆದ ಅಂಗಿ ಹಾಕಿಕೊಳ್ಳಬೇಕೆಂದರೆ ನೀರೆಲ್ಲಿ? ತಲೆಯಿಂದ ಕಾಲಿನವರೆಗೆ ಬೆಳ್ಳಗೆ ಹಿಟ್ಟು ಮೆತ್ತಿಕೊಂಡೇ ಅಂಗಳದಲ್ಲಿ ನಿಂತು, ಮಕ್ಕಳು ದೊಡ್ಡವರು ಎಲ್ಲರನ್ನೂ ಕರೆದ. ಸೂರ್ಯ ಆಗಲೇ ಮಾಳಿಗೆಯ ಅಂಚಿಗೆ ಬಂದಿದ್ದ.

"ಕೇಳ್ರೆಪಾ. ಗವ್ವರ ಜೋಡಿ ಮಾತಾಡೀನಿ. ಅವರು ನಮ್ಮ ಬಾವಿ ಬಿಡಾಕ ಒಪ್ಯಾರ. ಇವತ್ತ ಬಬಲೇಶ್ವರಕ್ಕ ಹೋಗತಾರ."

ಮಕ್ಕಳು ಹೋ ಎಂದವು. ಮುದುಕವ್ವ ಮಾತ್ರ ಕೋಲು ಕುಟ್ಟುತ್ತ ಮುಂದೆ ಬಂದಳು.

"ಏನಂದಿ? ಬಬಲೇಶ್ವರಕ್ಕ? ನನ್ನ ಮಗಳನ್ನ ಎಲ್ಲಿ ಕೊಟ್ಟೀನಿ, ಮರತಿಯೇನು? ಹಸೀ ಬಾಣಂತಿ ಅದಾಳ ಅಕಿ. ಎಳೀ ಕೂಸೈತಿ ಮಗ್ಗಲದಾಗ!"

"ಆಯಿ, ಬರೇ ಬಾಯಿಮಾತಿಗೆ..."

"ಬಾಯಿಮಾತು ಅಂತ ನನಗ ತಿಳೀತೈತಿ. ಆದ್ರೂ ಬ್ಯಾರೆ ಊರ ಹೇಳು."

"ಆತ ಬಿಡು, ಭೂತನಾಳದ ಕೆರೀ ದಂಡೀಗೆ ಕಳಸತೀನಿ. ಅಲ್ಲಿ ಮನಿಗಿನಿ ಏನೂ ಇಲ್ಲ."

ಈಗ ಸಂಗಣ್ಣ ಎದ್ದು ನಿಂತ. ಅವನ ಹಲ್ಲಿನ ಮೇಲೆ ಬೆಳಗಿನ ಕಪ್ಪು ಇನ್ನೂ ಹಾಗೇ ಇತ್ತು.

"ಯಾಕಪಾ, ನಾ ಅಂದ್ರ ಮನಷ್ಯಾ ಅಲ್ಲೇನು? ರಾತ್ರಿ ಆ ಪಂಪಿನ ಮನ್ಯಾಗ ನಾನೊಬ್ಬನ ಇರತೀನಿ. ಕಿಟಕೀಗೆ ಕಾಜು ಸೈತ ಇಲ್ಲ. ಮ್ಯಾಲಾಗಿ ಊರೆಲ್ಲಾ ಕುಡಿಯೂ ನೀರದು. ಆ ದಂಡು ಅಲ್ಲಿ ಇಳದು ಮೈ ತೊಳ್ಕೊಂಡ್ರ?"

ಊರ ನೀರಿನ ಮಾತು ಬಂದ ಮೇಲೆ ಖಂಡಪ್ಪ ಗವ್ವರನ್ನು ಸೊಲ್ಲಾಪುರ ರಸ್ತೆಗೆ ಕಳಿಸಿದ. ವಾಡೆಯ ಇನ್ನೊಬ್ಬ ಬಾಡಿಗೆದಾರ ಜಿಲಾನಿ ಬೀಡಿ ಕೆಳಗೆ ಹಾಕಿದ. ಆ ರಸ್ತೆಯಲ್ಲಿ ಅವನದು ಲಾರಿ ದುರಸ್ತಿಯ ಅಂಗಡಿ.

"ಖಂಡಪ್ಪಾ, ನನ್ನ ಹೊಟ್ಟಿ ಮ್ಯಾಲ ಯಾಕ ಹೊಡೀತಿ? ಲಾರಿ ಡ್ರೈವರ್ರು ರಾತ್ರಿ ನನ್ನ ಅಂಗಡಿ ಮುಂದ ಗಾಡಿ ಹಚ್ಚಿ ಮಲಗತಾರ. ಈ ಸುದ್ದಿ ಅವರ ಕಿವಿಗೆ ಬಿತ್ತಂದ್ರ ಸೀದಾ ಸೊಲ್ಲಾಪುರಕ್ಕ ಹೋಗಿನ ನಿಂದರತಾರ."

"ಜಿಲಾನಿ ಭಾಯಿ, ನೀವರ ಶಾಣ್ಯಾರದೀರಿ! ಗವ್ವರು ಎಲ್ಲ್ಯರ ಇರತಾರೇನ್ರಿ?"

"ಇರೂದಿಲ್ಲ. ಇಲ್ಲದಾವರನ್ನ ಕಳಸಾಕ ನಮ್ಮ ರಸ್ತೇನ ಬೇಕೇನು?"

ಬಿಸಿಲು ಮಾಳಿಗೆಯಿಂದ ಜಾರಿತು. ಮಕ್ಕಳು ಒಬ್ಬರಿಗೊಬ್ಬರು ಒತ್ತಿಕೊಂಡು ಹಿತ್ತಲಿನ ಕಡೆ ನೋಡತೊಡಗಿದವು. ಮುದುಕವ್ವ ದೀಪದ ಬತ್ತಿ ಹೊಸೆಯುತ್ತಿದ್ದಳು. ಅದು ಬತ್ತಿಯಲ್ಲ, ತನ್ನ ಮದುವೆಯ ಕೊರಳಿಗೆ ಬೀಳುವ ಹಗ್ಗ ಎಂದೇ ಖಂಡಪ್ಪನಿಗೆ ಅನ್ನಿಸಿತು.

ರುಕ್ಮವ್ವ ಕೈ ಝಾಡಿಸಿದಳು. "ಇಷ್ಟ್ಯಾಕ ಗದ್ದಲಾ? ತಿಕೋಟಾಕ್ಕ ಕಳಸು. ಅಲ್ಲಿ ನಮ್ಮಾವರು ಯಾರೂ ಇಲ್ಲ."

"ತಿಕೋಟಾ ಬ್ಯಾಡ್ರಿ ಯಕ್ಕಾ!" ಖಂಡಪ್ಪ ಚೇಳು ಕಡಿದವನ ಹಾಗೆ ಜಿಗಿದ. "ಅಲ್ಲಿ ಹೊಳೆವ್ವ ಅದಾಳ!"

ಎಲ್ಲರ ಕಣ್ಣೂ ಅವನ ಮೇಲೆ.

"ನೋಡಿದ್ರ್ಯಾ?" ಎಂದ ಸಂಗಣ್ಣ, ಸಣ್ಣ ದನಿಯಲ್ಲಿ. "ಹುಟ್ಟಿಸಿದಾವನ ಅಂಜಾಕತ್ತಾನ."

ಖಂಡಪ್ಪನಿಗೆ ನಾಚಿಕೆಯಾಯಿತು. ಆದರೆ ಎಷ್ಟು ಯೋಚಿಸಿದರೂ ಆ ಕುಡುಗೋಲು ಹಲ್ಲಿನ ದಂಡನ್ನು ಹೊಳೆವ್ವನ ಊರಿನ ದಾರಿ ಹಿಡಿಸಲು ಅವನಿಗೆ ಮನಸ್ಸು ಬರಲಿಲ್ಲ. ಆಗ ಮಾಳವ್ವ ಎರಡೂ ಕೈ ಸೊಂಟಕ್ಕಿಟ್ಟು ಮುಂದೆ ಬಂದಳು.

"ಕಾಕಾ, ಅವರು ನಿನ್ನ ಮಾತ ಅಷ್ಟ ಕೇಳತಾರ. ನಿನ್ನ ಖೋಲ್ಯಾಗ ಇಟಗೋ. ಬಾಗಲಾ ಹಾಕ್ಕೊಂಡ ಒಳಗ ಇರ್ಲಿ. ನಾವು ನೀರಿಗೆ ಹೋಗತೀವಿ."

"ಭಲೇ ನನ್ನ ಮಗಳ!" ಎಂದ ಜಿಲಾನಿ. ಸಂಗಣ್ಣ ಉಸಿರು ಬಿಟ್ಟ. ಮುದುಕವ್ವನ ಮುಖದ ಗಂಟೂ ಸಡಿಲಾಯಿತು. "ಹಂಗ ಮಾಡಿದ್ರ ನಂದೇನ ತಕರಾರಿಲ್ಲ. ಖೋಲಿ ನಿನಗ ಖಾಯಂ."

ಓಣಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಬಾ ಎಂದು ಕರೆದವರ ಗತಿ ಏನಾಯಿತು ಎಂಬುದನ್ನು ನಮ್ಮ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಆದರೆ ಮದುವೆಯ ಗುಂಗಿನಲ್ಲಿದ್ದವನಿಗೆ ಗಾದೆ ಎಲ್ಲಿ ನೆನಪಾಗುತ್ತದೆ? ಖೋಲಿ ಉಳಿಯಿತಲ್ಲ, ಅಷ್ಟೇ ಸಾಕಾಗಿತ್ತು ಅವನಿಗೆ. ಖುಷಿಯಿಂದ ಹಿತ್ತಲಿಗೆ ಹೋಗಿ ಬಾವಿಯೊಳಗೆ ಬಗ್ಗಿ, ಬೀಗರನ್ನು ಊಟಕ್ಕೆ ಎಬ್ಬಿಸುವವನ ಹಾಗೆ ಕರೆದ.

"ಬರ್ರೆಪಾ, ಬರ್ರಿ! ಒಬ್ಬೊಬ್ಬರ ಮ್ಯಾಲ ಬರ್ರಿ. ನೂಕ್ಯಾಡಬ್ಯಾಡ್ರಿ!"

ಮುಂದೆ ಖಂಡಪ್ಪ, ಅವನ ಹಿಂದೆ ಯಾರೂ ಇಲ್ಲ. ಆ ಯಾರೂ ಇಲ್ಲದ ದಂಡು ಅಂಗಳ ದಾಟುವಾಗ ಮಕ್ಕಳು ಗೋಡೆಗೆ ಅಂಟಿಕೊಂಡವು. ದೊಡ್ಡವರದು ಇನ್ನೂ ಚೆಂದ. ಕಟ್ಟೆಯ ಮೇಲೆ ಕುಳಿತಿದ್ದ ಸಂಗಣ್ಣ ಇಳಿಬಿಟ್ಟ ಕಾಲು ಮೇಲೆಳೆದುಕೊಂಡ. ಜಿಲಾನಿ ತನ್ನ ಸೈಕಲ್ಲನ್ನು ದಾರಿಯಿಂದ ಸರಿಸಿಟ್ಟ. ಮುದುಕವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು, ದಂಡಿನಲ್ಲಿ ಯಾರಾದರೂ ಹಿರಿಯರು ಇದ್ದರೆ ಇರಲಿ ಎಂದು.

ಖಂಡಪ್ಪ ಖೋಲಿಯ ಬಾಗಿಲು ತೆರೆದು ಹಿಡಿದ. "ತಲಿ ಬಗ್ಗಸ್ರಿ, ಚೌಕಟ್ಟ ಬಡದೀತು. ಹಾಂ, ಸರಕೊಂಡ ಕುಂದರ್ರಿ, ಎಲ್ಲಾರಿಗೂ ಜಾಗಾ ಆಗತೈತಿ." ಕಡೆಯವನನ್ನೂ ಒಳಗೆ ಬಿಟ್ಟು ಚಿಲಕ ಹಾಕಿ ಕೀಲಿ ಜಡಿದ. ಮಕ್ಕಳು ಚಪ್ಪಾಳೆ ತಟ್ಟಿದವು. ಮುದುಕವ್ವ ದೀಪ ಹಚ್ಚಿದಳು.

ಅವನು ಕೈ ಒರೆಸಿಕೊಳ್ಳುತ್ತ ತಿರುಗಿದರೆ, ಹೆಬ್ಬಾಗಿಲಲ್ಲಿ ಕೆಂಪು ಪಟಕಾ ಸುತ್ತಿದ ಹಿರಿಯನೊಬ್ಬ ನಿಂತಿದ್ದ. ಯಲಗೂರಪ್ಪ. ಕೈಯಲ್ಲಿ ಚೀಲ. ಚೀಲದ ಬಾಯಲ್ಲಿ ಎಲೆ, ಅಡಿಕೆ, ಸಕ್ಕರೆಯ ಪೊಟ್ಟಣ ಕಾಣುತ್ತಿದ್ದವು. "ತಲಿ ಬಗ್ಗಸ್ರಿ" ಎಂಬ ಮಾತಿಗೂ ಮೊದಲೇ ಅವನು ಬಂದು ನಿಂತಿದ್ದ.

"ಬರ್ರಿ ಮಾವಾರ, ಬರ್ರಿ!" ಖಂಡಪ್ಪ ಓಡಿಹೋಗಿ ಕಾಲು ಮುಟ್ಟಿದ. ಯಲಗೂರಪ್ಪನ ಚಪ್ಪಲಿಯ ಮೇಲೆ ಹಿಟ್ಟಿನ ಎರಡು ಕೈಗಳು ಮೂಡಿದವು.

"ಯಾರನ್ನ ಒಳಗ ಕಳಿಸಿದ್ಯೋ ತಮ್ಮಾ? ನನಗ ಯಾರೂ ಕಾಣಲಿಲ್ಲ."

ಖಂಡಪ್ಪ ಬಾಯಿ ತೆರೆಯುವ ಮೊದಲೇ ಮಾಳವ್ವ ಬಾವಿಯಿಂದ ಹಿಡಿದು ಕೀಲಿಯವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಯಲಗೂರಪ್ಪ ಒಳ್ಳೆಯ ಮನುಷ್ಯ. ಪಟಕಾ ಜಾರುವ ಹಾಗೆ ನಕ್ಕ.

"ಎಂಥಾ ಮಕ್ಕಳವಾ ಇವು! ಬಿಸಲ ಬಿದ್ದರ ಏನ ಆಗತಾರ ಅಂದಿ?"

"ಹಿಟ್ಟ ಆಗತಾರರೀ ಅಜ್ಜಾ."

ಯಲಗೂರಪ್ಪನ ನಗು ನಿಧಾನವಾಗಿ ನಿಂತಿತು. ಅವನು ಖಂಡಪ್ಪನನ್ನು ತಲೆಯಿಂದ ಕಾಲಿನವರೆಗೆ, ಮತ್ತೆ ಕಾಲಿನಿಂದ ತಲೆಯವರೆಗೆ ನೋಡಿದ. ಕೂದಲಲ್ಲಿ ಹಿಟ್ಟು, ಹುಬ್ಬಿನಲ್ಲಿ ಹಿಟ್ಟು, ಕಿವಿಯ ಸಂದಿಯಲ್ಲಿ ಹಿಟ್ಟು.

"ಗಿರಣಿ ಹಿಟ್ಟರೀ ಮಾವಾರ! ತೊಳ್ಕೋಬೇಕಂದ್ರ ನೀರ ಇಲ್ಲ."

"ಗೊತ್ತೈತಿ, ಗೊತ್ತೈತಿ," ಎಂದ ಯಲಗೂರಪ್ಪ. "ನಡಿ, ಖೋಲಿ ನೋಡೋಣು."

ಖಂಡಪ್ಪ ಕೀಲಿ ತೆಗೆದು ಬಾಗಿಲು ನೂಕಿದ. ಒಳಗೆ ಕತ್ತಲೆ. ಯಲಗೂರಪ್ಪ ಒಂದು ಚಪ್ಪಲಿ ಬಿಟ್ಟ. ಹೊಸಿಲ ಮೇಲೆ ಕಾಲಿಡುವವನು ತಡೆದು ನಿಂತ. ಇಡೀ ವಾಡೆ ಉಸಿರು ಬಿಗಿಹಿಡಿದು ಅವನನ್ನೇ ನೋಡುತ್ತಿತ್ತು. ಅವನು ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿದ.

"ಇಲ್ಲಿಂದನ ಕಾಣತೈತಿ. ಛಲೋ ಐತಿ ಖೋಲಿ. ಗಾಳಿ ಐತಿ."

"ಹಂಗಾರ ಸಕ್ಕರಿ ಪುಡಿ..." ಎಂದ ಖಂಡಪ್ಪ, ಚೀಲದ ಕಡೆ ನೋಡುತ್ತ.

"ಮಾಡೋಣು. ಹುಡುಗ ನಮ್ಮ ಮನಸ್ಸಿಗೆ ಬಂದಾನ. ಮಗಳೂ ಹೂಂ ಅಂದಾಳ. ನಮ್ಮದೇನೂ ತಕರಾರ ಇಲ್ಲ." ಯಲಗೂರಪ್ಪ ಎಲೆ ಅಡಿಕೆಯನ್ನು ಚೀಲದ ತಳಕ್ಕೆ ಒತ್ತಿ, ಬಾಯಿ ಕಟ್ಟಿದ. "ಮೊದಲ ಅವರು ಖಾಲಿ ಮಾಡ್ಲಿ."

"ಮಾವಾರ! ಒಳಗ ಯಾರೂ ಇಲ್ಲರೀ! ಸುಳ್ಳದು!"

"ಸುಳ್ಳು ಅಂತ ನನಗೂ ಗೊತ್ತೈತೆಪಾ. ಆದ್ರೂ ಹೆಣ್ಣ ಹೆತ್ತಾವ ನಾನು. ಅಷ್ಟ ಮಂದಿ ಇರೂ ಖೋಲಿಗೆ ಮಗಳನ್ನ ಹೆಂಗ ಕಳಸ್ಲಿ?"

"ಹಂಗಾರ ನಾಳೀನ ನಾ ಬ್ಯಾರೆ ಖೋಲಿ ಹಿಡೀತೀನಿ!"

ಇಡೀ ವಾಡೆ ಒಮ್ಮೆಲೇ ಅವನನ್ನು ಸುತ್ತುಗಟ್ಟಿತು. ಎಲ್ಲರಿಗಿಂತ ಮುಂದೆ ಮುದುಕವ್ವ.

"ಹಾಂ! ನೀ ಹ್ವಾದ್ರ ಅವರನ್ನ ಯಾರ ನೋಡ್ಕೋತಾರ? ಮತ್ತ ಬಾವಿಗೆ ಇಳೀತಾರ, ಮತ್ತ ನೀರ ತಪ್ಪತೈತಿ. ಮುಂಜಾನಿ ಹೋಗು ಅಂದಿದ್ದೆ, ಖರೆ. ಈಗ ಹೇಳತೀನಿ ಕೇಳು, ಈ ಖೋಲಿ ಬಿಟ್ಟ ಹೆಂಗ ಹೋಗತಿ ನೋಡತೀನಿ!"

"ಹಿರೇರದಾರ, ಅವರ ಮಾತ ಮೀರಬಾರದು," ಎಂದ ಯಲಗೂರಪ್ಪ. ಆಮೇಲೆ ಕತ್ತಲಾದದ್ದನ್ನು ನೋಡಿ, ಪಾಳಿಗೆ ಹೊರಟಿದ್ದ ಸಂಗಣ್ಣನ ಕೈ ಹಿಡಿದ. "ನಿಮ್ಮ ಪುಣ್ಯಾ ಬರ್ಲಿ, ಬಸ್‌ಸ್ಟ್ಯಾಂಡತನಕ ಜೋಡಿ ಬರ್ರಿ. ಅಂಜಿಕಿ ಅಂತಲ್ಲ, ದಾರಿ ಹೊಸಾದು." ಸಂಗಣ್ಣನಿಗೂ ಜೊತೆ ಬೇಕಾಗಿತ್ತು. ಇಬ್ಬರೂ ಗಟ್ಟಿಯಾಗಿ ಮಾತಾಡುತ್ತ ಓಣಿ ದಾಟಿದರು.

ಖಂಡಪ್ಪ ತೆರೆದ ಬಾಗಿಲ ಮುಂದೆ ಒಬ್ಬನೇ ಉಳಿದ. ಒಳಗೆ ಗವ್ವೆನ್ನುವ ಕತ್ತಲೆ. ಯಾರೂ ಇಲ್ಲ ಎಂದು ಅವನಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಆದರೂ ಒಮ್ಮೆ ಕೆಮ್ಮಿದ. ಬಗ್ಗಿ, ಕೈಗೆ ಸಿಕ್ಕಿದ ಕೌದಿಯನ್ನು ಮಾತ್ರ ಎಳೆದುಕೊಂಡು, ಬಾಗಿಲು ಹಾಕಿ, ಹೊರಗಿನ ಕಟ್ಟೆಯ ಮೇಲೆ ಹಾಸಿದ. ಹಲ್ಲು ಕಟಕಟಿಸುವ ಥಂಡಿ.

"ಕಾಕಾ, ಹೊರಗ ಯಾಕ ಮಲಗಿದಿ?" ಎಂದಳು ಮಾಳವ್ವ.

"ಒಳಗ ಸೆಖಿ ಐತಿ."

ಅಂಗಳ ಈಗ ಮಕ್ಕಳದೇ. ಗವ್ವರು ಕೀಲಿಯೊಳಗಿದ್ದರಲ್ಲ, ಇನ್ನಾರ ಭಯ? ಚಿಣಿಪಣಿ, ಮುಟ್ಟಾಟ, ಜಗಳ, ಅಳು ಎಲ್ಲವೂ ಒಟ್ಟಿಗೇ ಶುರುವಾದವು, ನಿನ್ನೆಯ ಬಾಕಿಯನ್ನೂ ಸೇರಿಸಿ. ಖಂಡಪ್ಪ ಕೌದಿಯನ್ನು ತಲೆಯವರೆಗೆ ಎಳೆದುಕೊಂಡು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಹೊರಳಾಡಿದ. ಅದನ್ನು ನೋಡಿ ಮಾಳವ್ವನ ಕರುಳು ಚುರ್ರೆಂದಿತು. ಆಟ ನಿಲ್ಲಿಸದೆಯೇ ಗೆಳತಿಗೆ ಕೂಗಿ ಹೇಳಿದಳು:

"ಪಾಪ ಕಾಕಾ! ಒಳಗ ಅಷ್ಟ ಮಂದಿ ಗದ್ದಲಾ ಮಾಡಿದ್ರ ಅವಗ ನಿದ್ದಿ ಹೆಂಗ ಹತ್ತಬೇಕು?"